ಫಿಸಿಕ್ಸ್ ಪ್ರಾಬ್ಲಂ ಬಿಡಿಸುವುದು ಹೇಗೆ: ಪಿಯುಸಿ ಮೊದಲ ವರ್ಷದವರಿಗೆ ಹಂತ ಹಂತದ ಮಾರ್ಗದರ್ಶಿ

"ಪಾಠ ಅರ್ಥ ಆಗುತ್ತೆ, ಆದ್ರೆ ಪ್ರಾಬ್ಲಂ ಮಾಡೋಕೆ ಕೂತ್ರೆ ಕೈ ಓಡಲ್ಲ." ಪಿಯುಸಿ ಮೊದಲ ವರ್ಷದ ಮಕ್ಕಳಿಂದ ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಅವರ ನೋಟ್‌ಬುಕ್ ತೆಗೆದು ನೋಡಿದರೆ ಹೆಚ್ಚಿನವರದ್ದು ಒಂದೇ ಕತೆ. ಪ್ರಶ್ನೆಯ ಕೆಳಗೆ ಮೊದಲ ಸಾಲಿನಲ್ಲೇ ಸೂತ್ರ. ಎರಡನೇ ಸಾಲಿನಲ್ಲಿ ಸಂಖ್ಯೆಗಳು. ಮೂರನೇ ಸಾಲಿನಲ್ಲಿ ತಪ್ಪು ಉತ್ತರ. ಚಿತ್ರ ಇಲ್ಲ, ದಿಕ್ಕು ಗುರುತು ಮಾಡಿಲ್ಲ, ಏನು ಕೇಳಿದ್ದಾರೆ ಅನ್ನುವುದೂ ಬರೆದಿಲ್ಲ.

ಸೂತ್ರ ಗೊತ್ತಿಲ್ಲದೆ ತಪ್ಪುವವರು ಕಡಿಮೆ. ಸೂತ್ರಕ್ಕೆ ಬೇಗ ಕೈ ಹಾಕಿ ತಪ್ಪುವವರೇ ಜಾಸ್ತಿ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕ್ರಮದ ಬಗ್ಗೆ: ಯಾವುದು ಮೊದಲು, ಯಾವುದು ಆಮೇಲೆ. ಈ ಕ್ರಮದಲ್ಲಿ ಸೂತ್ರ ಬರುವುದು ಆರನೇ ಹಂತದಲ್ಲಿ. ಮೊದಲ ಐದು ಹಂತಕ್ಕೆ ಸಮಯ ಹಾಳಾಗುತ್ತದೆ ಅನ್ನಿಸಬಹುದು. ಆದರೆ ಆ ಐದು ಸರಿಯಾದರೆ ಉಳಿದ ಕೆಲಸ ಬೀಜಗಣಿತ ಮಾತ್ರ, ಅದು ನಿಮಗೆ ಹತ್ತನೇ ಕ್ಲಾಸಿನಿಂದಲೇ ಬರುತ್ತದೆ.

ಚಲನೆ, ಬಲ, ಘರ್ಷಣೆ, ಶಕ್ತಿ, ಸಂವೇಗ (ಮೊಮೆಂಟಮ್), ಈ ಅಧ್ಯಾಯಗಳ ಲೆಕ್ಕಗಳನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಜಿ, ಅಂದರೆ ಭೂಮಿಯ ಸೆಳೆತದಿಂದ ಬರುವ ವೇಗೋತ್ಕರ್ಷದ (ಆಕ್ಸಿಲರೇಶನ್) ಬೆಲೆಯನ್ನು 10 ಮೀ/ಸೆ² ಎಂದು ಹಿಡಿದಿದ್ದೇನೆ.

ಕೂರುವ ಮೊದಲು ಏನೇನು ಬೇಕು

ಒಂದು ರಫ್ ಬುಕ್, ಒಂದು ಫೇರ್ ಬುಕ್, ಪೆನ್ಸಿಲ್, ರಬ್ಬರ್, ಸ್ಕೇಲ್. ರಫ್ ಬುಕ್ ಗೆರೆ ಇಲ್ಲದ ಹಾಳೆಯದ್ದಾದರೆ ಒಳ್ಳೆಯದು. ಗೆರೆಗಳ ನಡುವೆ ಚಿತ್ರ ಬರೆಯಲು ಹೋದರೆ ಅದು ಚಿಕ್ಕದಾಗುತ್ತದೆ, ಚಿಕ್ಕ ಚಿತ್ರದಲ್ಲಿ ಬಾಣಗಳು ಒಂದರ ಮೇಲೊಂದು ಬೀಳುತ್ತವೆ.

ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಳಸುವವರು ಪ್ರತಿ ಸಲ ಮೊದಲು ಸೈನ್ 30 ಒತ್ತಿ ನೋಡಿ. 0.5 ಬರಬೇಕು, ಆಗ ಅದು ನಮಗೆ ಬೇಕಾದ ಡಿಗ್ರಿ ಮೋಡ್‌ನಲ್ಲಿದೆ. −0.988 ಬಂದರೆ ಅದು ರೇಡಿಯನ್ ಮೋಡ್‌ನಲ್ಲಿದೆ. 0.454 ಬಂದರೆ ಗ್ರೇಡ್ ಮೋಡ್‌ನಲ್ಲಿದೆ. ಮೋಡ್ ತಪ್ಪಿದ್ದರೆ ನೀವು ಎಷ್ಟೇ ಸರಿಯಾಗಿ ಯೋಚಿಸಿದರೂ ಉತ್ತರ ಬರುವುದಿಲ್ಲ. ಕೊನೆಗೆ "ನನಗೆ ಫಿಸಿಕ್ಸ್ ಬರಲ್ಲ" ಅಂತ ಸುಮ್ನೆ ಬೇಜಾರು ಮಾಡಿಕೊಳ್ಳುತ್ತೀರಿ.

ಗೈಡ್ ಮತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅವನ್ನು ಯಾವಾಗ ತೆಗೆಯಬಹುದು ಎಂದು ಕೊನೆಯಲ್ಲಿ ಹೇಳುತ್ತೇನೆ.

ಹಂತ 1: ಪ್ರಶ್ನೆಯನ್ನು ಮೂರು ಸಲ ಓದಿ

ಮೊದಲ ಸಲ ಪೆನ್ನು ಮುಟ್ಟಬೇಡಿ. ಏನು ನಡೆಯುತ್ತಿದೆ ಅನ್ನುವುದಷ್ಟೇ ನೋಡಿ. ಎರಡನೇ ಸಲ ಪ್ರತಿ ಸಂಖ್ಯೆಯ ಕೆಳಗೂ ಅದರ ಮಾನದ ಕೆಳಗೂ ಗೆರೆ ಎಳೆಯಿರಿ. ಮೂರನೇ ಸಲ ಕೊನೆಯ ವಾಕ್ಯ ಮಾತ್ರ ಓದಿ, "ಬೇಕಾಗಿರುವುದು: ..." ಎಂದು ರಫ್ ಬುಕ್‌ನಲ್ಲಿ ಬರೆಯಿರಿ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲಿ ಇನ್ನೊಂದು ಕೆಲಸ ಇದೆ. ಪ್ರಶ್ನೆಯಲ್ಲಿ ನಡೆಯುವ ಘಟನೆಯನ್ನು ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. "ಬಸ್ಸು ಓಡ್ತಾ ಇದೆ. ಬ್ರೇಕ್ ಹಾಕಿದ. 40 ಮೀಟರ್ ಹೋಗಿ ನಿಂತಿತು." ಇಷ್ಟು ಸಾಕು. ಇದನ್ನು ಬರೆಯಲು ಆಗದಿದ್ದರೆ ನಿಮ್ಮ ತೊಂದರೆ ಫಿಸಿಕ್ಸ್ ಅಲ್ಲ, ಆ ಇಂಗ್ಲಿಷ್ ವಾಕ್ಯ. ಡಿಕ್ಷನರಿ ನೋಡಿ, ಯಾರನ್ನಾದರೂ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆಯಲ್ಲಿ ಸಂಖ್ಯೆಯಾಗಿ ಕಾಣದೆ ಮಾತಿನಲ್ಲಿ ಅಡಗಿರುವ ಮಾಹಿತಿಯೂ ಇರುತ್ತದೆ. "ಒಂದು ಮಾಹಿತಿ ಕೊಟ್ಟೇ ಇಲ್ಲ" ಎಂದು ಮಕ್ಕಳು ಹೇಳುವಾಗ ಅದು ಬಹುತೇಕ ಇಲ್ಲೇ ಇರುತ್ತದೆ. "ಸ್ಟಾರ್ಟ್ಸ್ ಫ್ರಮ್ ರೆಸ್ಟ್" ಎಂದರೆ ಮೊದಲ ವೇಗ ಸೊನ್ನೆ. "ಕಮ್ಸ್ ಟು ರೆಸ್ಟ್" ಎಂದರೆ ಕೊನೆಯ ವೇಗ ಸೊನ್ನೆ. "ಸ್ಮೂತ್" ಎಂದರೆ ಘರ್ಷಣೆ ಇಲ್ಲ. "ಲೈಟ್ ಸ್ಟ್ರಿಂಗ್" ಎಂದರೆ ಹಗ್ಗದ ತೂಕ ಲೆಕ್ಕಕ್ಕಿಲ್ಲ. "ಇನ್‌ಎಕ್ಸ್‌ಟೆನ್ಸಿಬಲ್" ಎಂದರೆ ಹಗ್ಗ ಹಿಗ್ಗುವುದಿಲ್ಲ, ಹಾಗಾಗಿ ಅದರ ಎರಡೂ ತುದಿಯ ವಸ್ತುಗಳ ವೇಗೋತ್ಕರ್ಷದ ಬೆಲೆ ಒಂದೇ. "ಯೂನಿಫಾರ್ಮ್ ವೆಲಾಸಿಟಿ" ಎಂದರೆ ವೇಗೋತ್ಕರ್ಷ ಸೊನ್ನೆ, ಅಂದರೆ ಒಟ್ಟು ಬಲವೂ ಸೊನ್ನೆ. "ಜಸ್ಟ್ ಬಿಗಿನ್ಸ್ ಟು ಸ್ಲೈಡ್" ಎಂದರೆ ಸ್ಥಿರ ಘರ್ಷಣೆ ತನ್ನ ಗರಿಷ್ಠ ಬೆಲೆಗೆ ಬಂದಿದೆ.

"ಡ್ರಾಪ್ಡ್" ಅನ್ನುವಲ್ಲಿ ಎಚ್ಚರ ಬೇಕು. ನಿಂತವನು ಕೈಬಿಟ್ಟ ಕಲ್ಲಿನ ಮೊದಲ ವೇಗ ಸೊನ್ನೆ. ಆದರೆ ಮೇಲಕ್ಕೆ ಏರುತ್ತಿರುವ ಬಲೂನಿನಿಂದ ಬಿಟ್ಟ ಕಲ್ಲಿಗೆ ಬಲೂನಿನ ವೇಗವೇ ಮೊದಲ ವೇಗ. ಕಲ್ಲು ಸ್ವಲ್ಪ ಹೊತ್ತು ಮೇಲಕ್ಕೇ ಹೋಗಿ ಆಮೇಲೆ ಇಳಿಯುತ್ತದೆ.

ಹಂತ 2: ಚಿತ್ರ ಬರೆಯಿರಿ

ಚಿತ್ರ ಚೆನ್ನಾಗಿರಬೇಕಿಲ್ಲ, ದೊಡ್ಡದಿರಬೇಕು. ಬಸ್ಸಿಗೆ ಒಂದು ಡಬ್ಬ, ಕಲ್ಲಿಗೆ ಒಂದು ಚುಕ್ಕೆ ಸಾಕು. ಅರ್ಧ ಪುಟ ಬಿಡಿ. ಮೊದಲ ಕ್ಷಣ ಎಲ್ಲಿ, ಕೊನೆಯ ಕ್ಷಣ ಎಲ್ಲಿ ಎಂದು ಎರಡು ಜಾಗ ಗುರುತು ಮಾಡಿ. ಗೊತ್ತಿರುವ ಬೆಲೆಗಳನ್ನು ಅಲ್ಲಲ್ಲೇ ಬರೆಯಿರಿ. ಗೊತ್ತಿಲ್ಲದ್ದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಡಿ.

ಕೊನೆಯ ಕ್ಷಣ ಯಾವುದು ಅನ್ನುವುದರಲ್ಲಿ ಒಂದು ಸಾಮಾನ್ಯ ತಪ್ಪು ಇದೆ. ಕೆಳಗೆ ಬೀಳುವ ಕಲ್ಲಿಗೆ "ನೆಲಕ್ಕೆ ಬಿದ್ದ ಮೇಲೆ ವೇಗ ಸೊನ್ನೆ ಅಲ್ವಾ?" ಎಂದು ಕೊನೆಯ ವೇಗ ಸೊನ್ನೆ ಹಾಕುತ್ತಾರೆ. ನೆಲ ಮುಟ್ಟಿದ ಕೂಡಲೇ ನೆಲ ಕಲ್ಲನ್ನು ತಳ್ಳಲು ಶುರು ಮಾಡುತ್ತದೆ, ಆಗ ವೇಗೋತ್ಕರ್ಷ ಜಿ ಆಗಿರುವುದಿಲ್ಲ. ನಮ್ಮ ಲೆಕ್ಕದ ಕೊನೆಯ ಕ್ಷಣ ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚಿನದು.

ಹಂತ 3: ದಿಕ್ಕು ಮತ್ತು ಚಿಹ್ನೆ

ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಚಿತ್ರದ ಪಕ್ಕ ಒಂದು ಬಾಣ ಬರೆದು ಅದರ ಮೇಲೆ ಪ್ಲಸ್ ಹಾಕಿ. ಯಾವ ದಿಕ್ಕು ಬೇಕಾದರೂ ಆಗಬಹುದು. ಒಮ್ಮೆ ಹಾಕಿದ ಮೇಲೆ ಆ ಲೆಕ್ಕ ಮುಗಿಯುವವರೆಗೆ ಬದಲಾಯಿಸಬಾರದು. ಇನ್ನೊಂದು ಗುರುತು, ಸೊನ್ನೆ ಎಲ್ಲಿ ಅನ್ನುವುದು. ಸಾಮಾನ್ಯವಾಗಿ ವಸ್ತು ಹೊರಟ ಜಾಗವೇ ಸೊನ್ನೆ.

ಈಗ ಒಂದು ಲೆಕ್ಕ. ನೀರಿನಿಂದ 15 ಮೀಟರ್ ಎತ್ತರದಲ್ಲಿರುವ ಸೇತುವೆಯ ಅಂಚಿನಿಂದ ಒಂದು ಕಲ್ಲನ್ನು 10 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾರೆ. ಅದು ನೀರಿಗೆ ಬೀಳಲು ಎಷ್ಟು ಹೊತ್ತು ಬೇಕು?

ಮೇಲಿನ ದಿಕ್ಕು ಪ್ಲಸ್ ಎನ್ನೋಣ. ಸೇತುವೆಯ ಅಂಚು ಸೊನ್ನೆ. ಹಾಗಾದರೆ ಮೊದಲ ವೇಗ +10. ವೇಗೋತ್ಕರ್ಷ −10, ಏಕೆಂದರೆ ಅದು ಯಾವಾಗಲೂ ಕೆಳಕ್ಕೆ. ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಕೊನೆಯ ಜಾಗಕ್ಕೆ ದಿಕ್ಕು ಸಮೇತ ಇರುವ ದೂರ, −15, ಏಕೆಂದರೆ ನೀರು ಇರುವುದು ಸೊನ್ನೆಯ ಕೆಳಗೆ. ಸಮಯವನ್ನು ಟಿ ಎಂದು ಕರೆದರೆ

−15 = 10ಟಿ − 5ಟಿ²

5ರಿಂದ ಭಾಗಿಸಿ ಜೋಡಿಸಿದರೆ ಟಿ² − 2ಟಿ − 3 = 0. ಇದರ ಬೆಲೆಗಳು 3 ಮತ್ತು −1. ಉತ್ತರ 3 ಸೆಕೆಂಡ್.

ಈಗ ತಪ್ಪುಗಳನ್ನು ನೋಡಿ. ಒಬ್ಬರು "ದೂರ ಮೈನಸ್ ಹೇಗಾಗುತ್ತೆ?" ಎಂದು +15 ಹಾಕುತ್ತಾರೆ. ಆಗ ಟಿ² − 2ಟಿ + 3 = 0 ಬರುತ್ತದೆ. ಇದರ ವರ್ಗಮೂಲದೊಳಗೆ ಮೈನಸ್ ಸಂಖ್ಯೆ ಬರುತ್ತದೆ, ಉತ್ತರವೇ ಇಲ್ಲ. ಅದು ಸರಿಯೇ! +15 ಎಂದರೆ "ಕಲ್ಲು ಸೇತುವೆಯ ಮೇಲೆ 15 ಮೀಟರ್ ಎತ್ತರಕ್ಕೆ ಯಾವಾಗ ಹೋಗುತ್ತದೆ?" ಎಂದು ಕೇಳಿದ ಹಾಗೆ. ಈ ಕಲ್ಲು ಏರುವುದೇ 5 ಮೀಟರ್. ಅಲ್ಲಿಗೆ ಅದು ಹೋಗುವುದೇ ಇಲ್ಲ ಎಂದು ಸಮೀಕರಣ ಹೇಳುತ್ತಿದೆ. ವರ್ಗಮೂಲದೊಳಗೆ ಮೈನಸ್ ಕಂಡರೆ ಕ್ಯಾಲ್ಕುಲೇಟರ್ ಬೈಯಬೇಡಿ, ಚಿಹ್ನೆ ನೋಡಿ.

ಇನ್ನೊಬ್ಬರು ಎಲ್ಲವನ್ನೂ ಪ್ಲಸ್ ಮಾಡುತ್ತಾರೆ: 15 = 10ಟಿ + 5ಟಿ². ಇದು ಜಾಸ್ತಿ ಅಪಾಯದ ತಪ್ಪು, ಏಕೆಂದರೆ ಇಲ್ಲಿ ಅಂದವಾದ ಉತ್ತರ ಬರುತ್ತದೆ: 1 ಸೆಕೆಂಡ್. ಎಲ್ಲವೂ ಪ್ಲಸ್ ಎಂದರೆ ಎಲ್ಲವೂ ಕೆಳಮುಖ, ಅಂದರೆ ಕಲ್ಲನ್ನು ಕೆಳಕ್ಕೆ ಎಸೆದಿದ್ದಾರೆ. ಅವರು ಲೆಕ್ಕ ಸರಿಯಾಗಿಯೇ ಮಾಡಿದ್ದಾರೆ, ಆದರೆ ಬೇರೆ ಪ್ರಶ್ನೆಗೆ.

ಉತ್ತರ 3 ಹೌದಾ ಎಂದು ಬೇರೆ ದಾರಿಯಲ್ಲಿ ನೋಡೋಣ. ಮೇಲೇರಲು 1 ಸೆಕೆಂಡ್, ಆಗ ಎತ್ತರ 5 ಮೀಟರ್. ಅಲ್ಲಿಂದ ನೀರಿಗೆ 20 ಮೀಟರ್. ನಿಂತಲ್ಲಿಂದ 20 ಮೀಟರ್ ಬೀಳಲು 2 ಸೆಕೆಂಡ್. ಒಟ್ಟು 3. ಸರಿ ಇದೆ.

ಇದೇ ಲೆಕ್ಕಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು: ತುತ್ತತುದಿಯಲ್ಲಿ ವೇಗ ಸೊನ್ನೆ, ಹಾಗಾಗಿ ವೇಗೋತ್ಕರ್ಷವೂ ಸೊನ್ನೆ ಎಂದುಕೊಳ್ಳುವುದು. ಅಲ್ಲಿ ವೇಗೋತ್ಕರ್ಷ ಸೊನ್ನೆಯಾಗಿದ್ದರೆ ಕಲ್ಲು ಅಲ್ಲೇ ನಿಂತುಬಿಡುತ್ತಿತ್ತು. ಓರೆಯಾಗಿ ಎಸೆದ ಚೆಂಡಿಗಂತೂ ತುದಿಯಲ್ಲಿ ವೇಗ ಸೊನ್ನೆಯಾಗುವುದೇ ಇಲ್ಲ. ಮೇಲ್ಮುಖದ ಭಾಗ ಮಾತ್ರ ಸೊನ್ನೆ, ಅಡ್ಡ ಭಾಗ ಹಾಗೇ ಇರುತ್ತದೆ. ಓರೆ ಎಸೆತದ ಲೆಕ್ಕದಲ್ಲಿ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಅಡ್ಡ ಚಲನೆ, ಬಲಕ್ಕೆ ನೆಟ್ಟಗಿನ ಚಲನೆ ಬರೆಯಿರಿ. ಎರಡೂ ಕಡೆ ಒಂದೇ ಆಗಿರುವುದು ಸಮಯ ಮಾತ್ರ.

ಹಂತ 4: ಮಾನಗಳನ್ನು ಒಂದೇ ಪದ್ಧತಿಗೆ ತನ್ನಿ

ಇದು ಚಿಕ್ಕ ಹಂತ, ಆದರೆ ಸೂತ್ರಕ್ಕೆ ಮೊದಲೇ ಆಗಬೇಕು. ಕಿಮೀ/ಗಂಟೆಯನ್ನು 3.6ರಿಂದ ಭಾಗಿಸಿದರೆ ಮೀ/ಸೆ ಬರುತ್ತದೆ. 18ಕ್ಕೆ 5, 36ಕ್ಕೆ 10, 54ಕ್ಕೆ 15, 72ಕ್ಕೆ 20. ಇವು ನಾಲ್ಕು ಬಾಯಿಗೆ ಬಂದರೆ ಸಾಕು.

ತಪ್ಪುವುದು ವಿಸ್ತೀರ್ಣ ಮತ್ತು ಘನಫಲದಲ್ಲಿ. 1 ಸೆಂಮೀ ಎಂದರೆ 10⁻² ಮೀ, ಆದರೆ 1 ಸೆಂಮೀ² ಎಂದರೆ 10⁻⁴ ಮೀ², 1 ಸೆಂಮೀ³ ಎಂದರೆ 10⁻⁶ ಮೀ³. ಗ್ರಾಂ ಕೊಟ್ಟಿದ್ದರೆ ಕೆಜಿಗೆ ಬದಲಾಯಿಸಿ.

ಬಸ್ಸಿನ ಲೆಕ್ಕಕ್ಕೆ ಬನ್ನಿ. 72 ಕಿಮೀ/ಗಂಟೆ ವೇಗದ ಬಸ್ಸು ಬ್ರೇಕ್ ಹಾಕಿದ ಮೇಲೆ 40 ಮೀಟರ್ ಹೋಗಿ ನಿಲ್ಲುತ್ತದೆ. ವೇಗ 20 ಮೀ/ಸೆ. ವೇಗೋತ್ಕರ್ಷ = −(20 × 20) ÷ (2 × 40) = −5 ಮೀ/ಸೆ². ಮಾನ ಬದಲಾಯಿಸದೆ 72 ಹಾಕಿದರೆ −64.8 ಬರುತ್ತದೆ. ಅದು ಜಿ ಬೆಲೆಯ ಆರು ಪಟ್ಟಿಗಿಂತ ಜಾಸ್ತಿ. ಯಾವ ಬಸ್ಸಿನ ಬ್ರೇಕೂ ಹಾಗೆ ಹಿಡಿಯುವುದಿಲ್ಲ. ರಸ್ತೆಯ ಗಾಡಿಗೆ ಜಿಗಿಂತ ಜಾಸ್ತಿ ವೇಗೋತ್ಕರ್ಷ ಬಂದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಹಂತ 5: ಬಲಗಳ ಬಾಣಗಳು

ಬರೀ ವೇಗ, ದೂರ, ಸಮಯದ ಲೆಕ್ಕವಾದರೆ ಈ ಹಂತ ಬೇಡ. ಪ್ರಶ್ನೆಯಲ್ಲಿ ಬಲ, ಹಗ್ಗ, ಇಳಿಜಾರು, ಘರ್ಷಣೆ, ರಾಟೆ ಯಾವುದಾದರೂ ಬಂದರೆ ಇದನ್ನು ಬಿಡಲೇಬಾರದು. ಫ್ರೀ ಬಾಡಿ ಡಯಾಗ್ರಾಮ್ ಎಂದು ಕ್ಲಾಸಿನಲ್ಲಿ ಹೇಳುವುದು ಇದನ್ನೇ.

ಒಂದು ವಸ್ತುವನ್ನು ಆರಿಸಿ ಅದನ್ನು ಬೇರೆ ಜಾಗದಲ್ಲಿ ಒಂಟಿಯಾಗಿ ಬರೆಯಿರಿ. ಮೊದಲು ಭೂಮಿಯ ಸೆಳೆತ, ನೇರ ಕೆಳಕ್ಕೆ. ಆಮೇಲೆ ವಸ್ತುವಿನ ಸುತ್ತ ಬೆರಳು ಆಡಿಸಿ. ಅದನ್ನು ಏನೇನು ಮುಟ್ಟುತ್ತಿದೆ? ಮುಟ್ಟುವ ಪ್ರತಿಯೊಂದೂ ಬಲ ಕೊಡಬಹುದು. ಹಗ್ಗ ಮುಟ್ಟಿದರೆ ಎಳೆಯುತ್ತದೆ, ಯಾವತ್ತೂ ತಳ್ಳುವುದಿಲ್ಲ. ನೆಲ ಮುಟ್ಟಿದರೆ ತನಗೆ ಲಂಬವಾಗಿ ತಳ್ಳುತ್ತದೆ, ಒರಟಾಗಿದ್ದರೆ ತನ್ನ ಉದ್ದಕ್ಕೆ ಘರ್ಷಣೆಯನ್ನೂ ಕೊಡುತ್ತದೆ. ಈ ಅಧ್ಯಾಯಗಳ ಹೆಚ್ಚಿನ ಲೆಕ್ಕಗಳಿಗೆ ಅಷ್ಟೇ ಬಲಗಳು.

ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಿ: ಇದನ್ನು ಕೊಡುತ್ತಿರುವುದು ಯಾವುದು? ಉತ್ತರ ಇಲ್ಲದ ಬಾಣವನ್ನು ಅಳಿಸಿ. ಮಕ್ಕಳು ವಸ್ತು ಹೋಗುವ ದಿಕ್ಕಿಗೆ "ಚಲನೆಯ ಬಲ" ಎಂದು ಒಂದು ಬಾಣ ಹಾಕುತ್ತಾರೆ. ಅದನ್ನು ಯಾರೂ ಕೊಡುತ್ತಿಲ್ಲ, ಅಳಿಸಿ. ವೃತ್ತದಲ್ಲಿ ಸುತ್ತುವ ವಸ್ತುವಿಗೆ ಕೇಂದ್ರಾಭಿಮುಖ ಬಲ ಎಂದು ಬೇರೆ ಬಾಣ ಹಾಕುತ್ತಾರೆ. ಅದೂ ಬೇಡ. ಹಗ್ಗ, ಘರ್ಷಣೆ ಅಥವಾ ಗುರುತ್ವವೇ ಆ ಕೆಲಸ ಮಾಡುತ್ತಿರುತ್ತದೆ, ಅದರ ಬಾಣ ಆಗಲೇ ಹಾಕಿದ್ದೀರಿ.

ಈಗ ಒಂದು ಲೆಕ್ಕ ಹತ್ತಿರದಿಂದ ನೋಡೋಣ. 10 ಕೆಜಿ ಮೂಟೆಯನ್ನು ಒರಟು ನೆಲದ ಮೇಲೆ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಹಗ್ಗ ನೆಲಕ್ಕೆ 37 ಡಿಗ್ರಿ ಮೇಲಕ್ಕೆ ಇದೆ, ಎಳೆತ 50 ನ್ಯೂಟನ್. ಚಲನ ಘರ್ಷಣಾ ಗುಣಾಂಕ, ಅಂದರೆ ಮ್ಯೂ, 0.5. ಮೂಟೆ ಮುಂದಕ್ಕೆ ಸರಿಯುತ್ತಿದೆ. ವೇಗೋತ್ಕರ್ಷ ಎಷ್ಟು? (ಕಾಸ್ 37 ಸುಮಾರು 0.8, ಸೈನ್ 37 ಸುಮಾರು 0.6.)

ಬಾಣಗಳು ನಾಲ್ಕು: ಭೂಮಿಯ ಸೆಳೆತ 100 ನ್ಯೂಟನ್ ಕೆಳಕ್ಕೆ, ನೆಲದ ತಳ್ಳು ಮೇಲಕ್ಕೆ, ಹಗ್ಗದ ಎಳೆತ ಓರೆಯಾಗಿ, ಘರ್ಷಣೆ ಹಿಂದಕ್ಕೆ. ಹಗ್ಗದ ಎಳೆತವನ್ನು ಒಡೆದರೆ ಮುಂದಕ್ಕೆ 40, ಮೇಲಕ್ಕೆ 30.

ಇಲ್ಲಿ ಬಹಳ ಜನ ನೆಲದ ತಳ್ಳು 100 ಎಂದು ಬರೆದು, ಘರ್ಷಣೆ 50 ಎಂದು ಮುಂದೆ ಹೋಗುತ್ತಾರೆ. ಆಗ ಒಟ್ಟು ಬಲ 40 − 50 = −10, ವೇಗೋತ್ಕರ್ಷ −1. ಮೂಟೆ ನಿಧಾನವಾಗುತ್ತಿದೆ ಎಂದು ಉತ್ತರ ಬರೆಯುತ್ತಾರೆ.

ಆದರೆ ಹಗ್ಗ ಮೂಟೆಯನ್ನು 30 ನ್ಯೂಟನ್‌ನಷ್ಟು ಮೇಲಕ್ಕೆ ಎತ್ತುತ್ತಿದೆ. ನೆಲ ಹೊರಬೇಕಾದದ್ದು ಉಳಿದ 70 ಮಾತ್ರ. ಘರ್ಷಣೆ 0.5 × 70 = 35. ಒಟ್ಟು ಬಲ 40 − 35 = 5 ನ್ಯೂಟನ್, ವೇಗೋತ್ಕರ್ಷ +0.5 ಮೀ/ಸೆ². ಮೂಟೆಯ ವೇಗ ಹೆಚ್ಚುತ್ತಿದೆ. ಒಂದು ಬೆಲೆಯನ್ನು ಲೆಕ್ಕ ಮಾಡದೆ ಊಹಿಸಿದ್ದಕ್ಕೆ ಉತ್ತರದ ದಿಕ್ಕೇ ತಿರುಗಿತ್ತು, ನೋಡಿದಿರಾ?

ನೆಲದ ತಳ್ಳಿಗೆ ಸಿದ್ಧ ಸೂತ್ರ ಇಲ್ಲ. ಪ್ರತಿ ಲೆಕ್ಕದಲ್ಲೂ ಆ ದಿಕ್ಕಿನ ಬಲಗಳನ್ನು ಕೂಡಿ ಅದನ್ನು ಕಂಡುಹಿಡಿಯಬೇಕು.

ಘರ್ಷಣೆಯ ಬಗ್ಗೆಯೂ ಒಂದು ಮಾತು. ಇದೇ ಮೂಟೆ ನಿಂತಿದೆ, ಸ್ಥಿರ ಘರ್ಷಣಾ ಗುಣಾಂಕ 0.5, ಅಡ್ಡಲಾಗಿ 20 ನ್ಯೂಟನ್‌ನಿಂದ ತಳ್ಳಿದರು. ಘರ್ಷಣೆ ಎಷ್ಟು? 50 ಅಲ್ಲ, 20. 50 ಅದರ ಮಿತಿ. ಮೂಟೆ ಕದಲದಿರಲು ಎಷ್ಟು ಬೇಕೋ ಅಷ್ಟನ್ನೇ ನೆಲ ಕೊಡುತ್ತದೆ. 50 ಇದ್ದಿದ್ದರೆ ಮೂಟೆ ತಳ್ಳಿದವರ ಕಡೆಗೇ ಹೊರಡಬೇಕಿತ್ತು.

ಹಂತ 6: ಯಾವ ನಿಯಮ? ಈಗ ಸೂತ್ರ

ಈಗ ಹಾಳೆಯ ಮೇಲೆ ಚಿತ್ರ, ದಿಕ್ಕು, ಬೆಲೆಗಳು, ಬಾಣಗಳು ಎಲ್ಲ ಇವೆ. ಏನು ಗೊತ್ತು, ಏನು ಬೇಕು ಅನ್ನುವುದು ಕಣ್ಣೆದುರೇ ಇದೆ. ನಿಯಮ ಆರಿಸುವುದು ಈಗ ಕಷ್ಟ ಅಲ್ಲ.

ವೇಗೋತ್ಕರ್ಷ ಬದಲಾಗದಿದ್ದರೆ ಚಲನೆಯ ಮೂರು ಸಮೀಕರಣಗಳು. ಮೂರರಲ್ಲಿ ಯಾವುದು? ನಿಮಗೆ ಗೊತ್ತೂ ಇಲ್ಲದ, ಬೇಕಾಗಿಯೂ ಇಲ್ಲದ ರಾಶಿ ಯಾವುದು ನೋಡಿ, ಅದು ಇಲ್ಲದ ಸಮೀಕರಣ ತೆಗೆದುಕೊಳ್ಳಿ. ಬಸ್ಸಿನ ಲೆಕ್ಕದಲ್ಲಿ ಸಮಯ ಕೊಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ, ಹಾಗಾಗಿ ಸಮಯ ಇಲ್ಲದ್ದನ್ನು ಬಳಸಿದೆವು.

ಬಲ ಮತ್ತು ವೇಗೋತ್ಕರ್ಷದ ಸಂಬಂಧ ಬೇಕಿದ್ದರೆ ನ್ಯೂಟನ್‌ನ ಎರಡನೇ ನಿಯಮ. ಎತ್ತರ ಮತ್ತು ವೇಗ ಮಾತ್ರ ಇದ್ದು ಸಮಯದ ಸುದ್ದಿಯೇ ಇಲ್ಲದಿದ್ದರೆ ಶಕ್ತಿಯ ಸಂರಕ್ಷಣೆ. ಸ್ಪ್ರಿಂಗ್ ಅಥವಾ ಬಾಗಿದ ದಾರಿ ಬಂದರೆ ವೇಗೋತ್ಕರ್ಷ ಬದಲಾಗುತ್ತಿರುತ್ತದೆ, ಅಲ್ಲಿ ಚಲನೆಯ ಮೂರು ಸಮೀಕರಣಗಳನ್ನು ಮುಟ್ಟಬಾರದು. ಡಿಕ್ಕಿ ಅಥವಾ ಸ್ಫೋಟ ಇದ್ದರೆ ಸಂವೇಗ.

ಡಿಕ್ಕಿಯಲ್ಲಿ ಶಕ್ತಿಯನ್ನು ಬಳಸುವ ತಪ್ಪು ತುಂಬಾ ನಡೆಯುತ್ತದೆ. 2 ಕೆಜಿ ಗಾಡಿ 6 ಮೀ/ಸೆ ವೇಗದಲ್ಲಿ ಬಂದು ನಿಂತಿರುವ 1 ಕೆಜಿ ಗಾಡಿಗೆ ಬಡಿದು ಅಂಟಿಕೊಳ್ಳುತ್ತದೆ ಎನ್ನಿ. ಸಂವೇಗ 12, ಒಟ್ಟು 3 ಕೆಜಿ, ವೇಗ 4 ಮೀ/ಸೆ. ಚಲನಶಕ್ತಿ ಮೊದಲು 36 ಜೂಲ್, ಆಮೇಲೆ 24 ಜೂಲ್. 12 ಜೂಲ್ ಶಾಖ, ಸದ್ದು, ತಗ್ಗುಗಳಾಗಿ ಹೋಗಿದೆ. ಚಲನಶಕ್ತಿ ಉಳಿಯಿತು ಎಂದು ಮಾಡಿದರೆ 4.9 ಬರುತ್ತದೆ. ಅಂಟಿಕೊಂಡವು ಎಂದು ಓದಿದ ಕೂಡಲೇ ಚಲನಶಕ್ತಿಯ ಸಮೀಕರಣ ಮರೆತುಬಿಡಿ.

ಹಂತ 7: ಮೊದಲು ಅಕ್ಷರ, ಕೊನೆಗೆ ಸಂಖ್ಯೆ

ಬೇಕಾದ ರಾಶಿ ಒಂಟಿಯಾಗಿ ಎಡಗಡೆಗೆ ಬರುವವರೆಗೆ ಅಕ್ಷರಗಳಲ್ಲೇ ಮುಂದುವರಿಯಿರಿ. ಮಕ್ಕಳಿಗೆ ಇದು ಇಷ್ಟವಿಲ್ಲ, ಗೊತ್ತು. ಸಂಖ್ಯೆ ಕಂಡರೆ ಧೈರ್ಯ ಬರುತ್ತದೆ. ಆದರೆ ಇದರ ಲಾಭ ದೊಡ್ಡದು.

ನುಣುಪಾದ ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಯ ವೇಗೋತ್ಕರ್ಷ ಕೇಳಿರುತ್ತಾರೆ, ದ್ರವ್ಯರಾಶಿ ಕೊಟ್ಟಿರುವುದಿಲ್ಲ. ಸಂಖ್ಯೆ ಹುಡುಕುವವರು ಅಲ್ಲೇ ನಿಲ್ಲುತ್ತಾರೆ. ಅಕ್ಷರದಲ್ಲಿ ಬರೆದವರಿಗೆ ಎರಡನೇ ಸಾಲಿನಲ್ಲೇ ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು: ವೇಗೋತ್ಕರ್ಷ = ಜಿ × ಸೈನ್ (ಕೋನ).

ಅಕ್ಷರದ ಉತ್ತರವನ್ನು ಪರೀಕ್ಷೆ ಮಾಡಲೂ ಆಗುತ್ತದೆ. ಇಲ್ಲಿ ಸೈನ್ ಸರಿಯೋ ಕಾಸ್ ಸರಿಯೋ ಎಂದು ಅನುಮಾನ ಬಂದರೆ ಕೋನ ಸೊನ್ನೆ ಎಂದುಕೊಳ್ಳಿ. ಇಳಿಜಾರು ಮಟ್ಟಸ ನೆಲವಾಯಿತು, ಪೆಟ್ಟಿಗೆ ಜಾರಬಾರದು. ಸೈನ್ ಸೊನ್ನೆ ಕೊಡುತ್ತದೆ, ಕಾಸ್ 1 ಕೊಡುತ್ತದೆ. ಸೈನ್ ಸರಿ. ಕೋನ 90 ಮಾಡಿ ನೋಡಿ, ಗೋಡೆಯಾಯಿತು, ಪೆಟ್ಟಿಗೆ ಜಿ ವೇಗೋತ್ಕರ್ಷದಲ್ಲಿ ಬೀಳಬೇಕು. ಸೈನ್ 90 ಎಂದರೆ 1. ಹೊಂದುತ್ತದೆ. ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಸಂಖ್ಯೆ ಹಾಕಿದ ಮೇಲೆ ನಡುವಿನ ಬೆಲೆಗಳನ್ನು ಪೂರ್ಣಾಂಕಕ್ಕೆ ತರಬೇಡಿ. ಕೊನೆಯ ಉತ್ತರವನ್ನು ಮಾತ್ರ, ಪ್ರಶ್ನೆಯಲ್ಲಿ ಕೊಟ್ಟಿರುವಷ್ಟು ಅಂಕಿಗಳಿಗೆ ಇಳಿಸಿ. ಕ್ಯಾಲ್ಕುಲೇಟರ್‌ನಲ್ಲಿ ಭಾಗಾಕಾರದ ಕೆಳಗಿನದ್ದಕ್ಕೆ ಬ್ರಾಕೆಟ್ ಹಾಕಿ. 400 ÷ 2 × 40 ಎಂದು ಒತ್ತಿದರೆ 8000 ಬರುತ್ತದೆ, ನಮಗೆ ಬೇಕಿದ್ದದ್ದು 5.

ಹಂತ 8: ಉತ್ತರ ಬಂದ ಮೇಲೆ ಒಂದು ನಿಮಿಷ

ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಮೊದಲು ಮೂರು ವಿಷಯ ನೋಡಿ. ಮಾನ ಬರೆದಿದ್ದೀರಾ, ಅದು ಕೇಳಿದ ರಾಶಿಯ ಮಾನವೇ? ಚಿಹ್ನೆ ಚಿತ್ರಕ್ಕೆ ಹೊಂದುತ್ತದೆಯೇ? ಬೆಲೆ ನಂಬುವ ಹಾಗಿದೆಯೇ?

ಮೂರನೆಯದಕ್ಕೆ ಲೆಕ್ಕ ಮಾಡುವ ಮೊದಲೇ ಉತ್ತರ ಯಾವುದರ ನಡುವೆ ಇರಬೇಕು ಎಂದು ಊಹಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ರಾಟೆಯ ಎರಡು ಕಡೆ 3 ಕೆಜಿ ಮತ್ತು 2 ಕೆಜಿ ತೂಗಿಬಿಟ್ಟಿದ್ದಾರೆ. 3 ಕೆಜಿ ಕೆಳಗೆ ಹೋಗುತ್ತದೆ, ಹಾಗಾಗಿ ಹಗ್ಗದ ಸೆಳೆತ 30 ನ್ಯೂಟನ್‌ಗಿಂತ ಕಡಿಮೆ. 2 ಕೆಜಿ ಮೇಲೆ ಬರುತ್ತದೆ, ಹಾಗಾಗಿ ಸೆಳೆತ 20ಕ್ಕಿಂತ ಜಾಸ್ತಿ. ಲೆಕ್ಕ ಮಾಡಿದರೆ ವೇಗೋತ್ಕರ್ಷ 2 ಮೀ/ಸೆ², ಸೆಳೆತ 24 ನ್ಯೂಟನ್. 20 ಮತ್ತು 30ರ ನಡುವೆ ಇದೆ. 36 ಅಂತಲೋ 16 ಅಂತಲೋ ಬಂದಿದ್ದರೆ ಎಲ್ಲೋ ಚಿಹ್ನೆ ತಿರುಗಿದೆ ಎಂದು ಆ ಕ್ಷಣವೇ ಗೊತ್ತಾಗುತ್ತಿತ್ತು.

ಸರಾಸರಿ ವೇಗಕ್ಕೂ ಇದೇ ರೀತಿ. 120 ಕಿಮೀ ದೂರವನ್ನು ಹೋಗುವಾಗ ಗಂಟೆಗೆ 40, ಬರುವಾಗ 60 ಕಿಮೀ ವೇಗ. ಸರಾಸರಿ 50 ಎಂದು ಬರೆಯಲು ಕೈ ಹೋಗುತ್ತದೆ. ಆದರೆ ನಿಧಾನವಾಗಿ ಹೋದದ್ದು 3 ಗಂಟೆ, ಜೋರಾಗಿ ಬಂದದ್ದು 2 ಗಂಟೆ. ಹೆಚ್ಚು ಹೊತ್ತು ನಿಧಾನವಾಗಿದ್ದರಿಂದ ಸರಾಸರಿ 50ಕ್ಕಿಂತ ಕಡಿಮೆ ಇರಲೇಬೇಕು. 240ನ್ನು 5ರಿಂದ ಭಾಗಿಸಿ: 48.

ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೇ? ಎಷ್ಟು ಪಟ್ಟು ವ್ಯತ್ಯಾಸ ನೋಡಿ

ಉತ್ತರ ತಪ್ಪಿದ ಕೂಡಲೇ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಡಿ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ. ಬರುವ ಅನುಪಾತ ತಪ್ಪು ಎಲ್ಲಿದೆ ಎಂದು ಹೆಚ್ಚಿನ ಸಲ ತೋರಿಸಿಬಿಡುತ್ತದೆ.

1.02 ಬಂದರೆ ತಪ್ಪೇ ಇಲ್ಲ. ಒಬ್ಬರು ಜಿಗೆ 10 ಹಾಕಿದ್ದಾರೆ, ಇನ್ನೊಬ್ಬರು 9.8. 2 ಬಂದರೆ ಎಲ್ಲೋ ಅರ್ಧ ಬಿಟ್ಟಿದ್ದೀರಿ, ಅಥವಾ ಹೋಗಿ ಬರುವ ಸಮಯದಲ್ಲಿ ಒಂದು ಕಡೆಯದ್ದು ಮಾತ್ರ ತೆಗೆದುಕೊಂಡಿದ್ದೀರಿ. 4 ಬಂದರೆ ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕಿ ವರ್ಗ ಮಾಡಿರಬಹುದು. 9.8 ಅಥವಾ 10 ಬಂದರೆ ದ್ರವ್ಯರಾಶಿ ಮತ್ತು ತೂಕ ಅದಲುಬದಲಾಗಿದೆ. 3.6 ಬಂದರೆ ಕಿಮೀ/ಗಂಟೆ. 12.96 ಬಂದರೆ ಅದೇ ತಪ್ಪು, ಆದರೆ ವೇಗದ ವರ್ಗದಲ್ಲಿ. ಬಸ್ಸಿನ 64.8ನ್ನು 5ರಿಂದ ಭಾಗಿಸಿ ನೋಡಿ, ಅದೇ 12.96. ಕೋನ 30 ಅಥವಾ 60 ಇದ್ದು 1.73 ಬಂದರೆ ಸೈನ್ ಮತ್ತು ಕಾಸ್ ಅದಲುಬದಲು. 1000 ಬಂದರೆ ಗ್ರಾಂ. ಬೆಲೆ ಸರಿ, ಚಿಹ್ನೆ ಮಾತ್ರ ಬೇರೆ ಎಂದರೆ ನಿಮ್ಮ ಪ್ಲಸ್ ದಿಕ್ಕು ಪುಸ್ತಕದ್ದಕ್ಕಿಂತ ಬೇರೆ ಇರಬಹುದು. ಅದು ತಪ್ಪಲ್ಲ, ದಿಕ್ಕನ್ನು ಮಾತಿನಲ್ಲಿ ಬರೆದುಬಿಡಿ.

ಇವು ಯಾವುದೂ ಅಲ್ಲದ ಅನುಪಾತ ಬಂದರೆ ಒಂದು ಪದ ಬಿಟ್ಟುಹೋಗಿದೆ ಅಥವಾ ನಿಯಮವೇ ಬೇರೆ. ಆಗ ಐದನೇ ಹಂತದ ಬಾಣಗಳಿಗೆ ವಾಪಸ್ ಹೋಗಿ.

ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ

ಗೈಡ್ ತೆಗೆಯುವ ಮೊದಲು ಒಂದು ಕೆಲಸ ಮಾಡಿ. "ನನಗೆ ... ಗೊತ್ತಾಗಿದ್ದರೆ ಮುಂದೆ ಹೋಗುತ್ತಿದ್ದೆ" ಎಂಬ ವಾಕ್ಯವನ್ನು ಪೂರ್ತಿ ಮಾಡಿ. ಆ ಖಾಲಿ ಜಾಗದಲ್ಲಿ ಬರೆದದ್ದೇ ನೀವು ಈಗ ಕಂಡುಹಿಡಿಯಬೇಕಾದದ್ದು. ಎಷ್ಟೋ ಸಲ ಅದು ಚಿತ್ರದಲ್ಲೇ ಇರುತ್ತದೆ. ಖಾಲಿ ಜಾಗಕ್ಕೆ ಏನೂ ಹೊಳೆಯದಿದ್ದರೆ ಮೊದಲ ಹಂತ ಸರಿಯಾಗಿಲ್ಲ, ಪ್ರಶ್ನೆ ಮತ್ತೆ ಓದಿ.

ಅರ್ಧ ಗಂಟೆ ಕೂತರೂ ಆಗದಿದ್ದರೆ ಬಿಡಿಸಿದ ಲೆಕ್ಕ ನೋಡಿ, ತಪ್ಪೇನಿಲ್ಲ. ಆದರೆ ಹಾಳೆಯಿಂದ ಮುಚ್ಚಿಕೊಂಡು ಒಂದೊಂದೇ ಸಾಲು ತೆರೆಯಿರಿ. ಹೊಸ ಸಾಲು ಕಂಡ ಕೂಡಲೇ ಮುಚ್ಚಿ, ಅಲ್ಲಿಂದ ಮುಂದೆ ನೀವೇ ಮಾಡಿ ನೋಡಿ. ಮೊಬೈಲ್‌ನಲ್ಲಿ ವಿಡಿಯೊ ನೋಡುವವರಿಗೂ ಇದೇ ಮಾತು. ನಡುನಡುವೆ ನಿಲ್ಲಿಸದೆ ಕೊನೆವರೆಗೆ ನೋಡಿದರೆ "ಓ, ಗೊತ್ತಾಯ್ತು" ಅನ್ನಿಸುತ್ತದೆ, ಕೈಗೆ ಏನೂ ಬಂದಿರುವುದಿಲ್ಲ.

ನೋಡಿ ಮಾಡಿದ ಲೆಕ್ಕದ ಪಕ್ಕ ಒಂದು ಚುಕ್ಕೆ ಇಡಿ. ಮಾರನೇ ದಿನ ಖಾಲಿ ಹಾಳೆಯಲ್ಲಿ ಅದನ್ನು ಮತ್ತೆ ಮಾಡಿ. ಆಗ ನೋಡದೆ ಬಂದರೆ ಮಾತ್ರ ಚುಕ್ಕೆ ಅಳಿಸಿ. ಗೆಳೆಯರ ಹತ್ತಿರ ಕೇಳುವುದಾದರೆ "ಈ ಲೆಕ್ಕ ಹೇಳಿಕೊಡು" ಎಂದು ಕೇಳಬೇಡಿ. ನಿಮ್ಮ ಚಿತ್ರ ತೋರಿಸಿ "ಇಲ್ಲಿ ಯಾವ ಬಾಣ ಬಿಟ್ಟಿದ್ದೀನಿ?" ಎಂದು ಕೇಳಿ. ಮೇಷ್ಟ್ರ ಹತ್ತಿರ ಹೋಗುವಾಗಲೂ ರಫ್ ಬುಕ್ ತೆಗೆದುಕೊಂಡು ಹೋಗಿ, ಫೇರ್ ಬುಕ್ ಅಲ್ಲ. ತಪ್ಪು ಎಲ್ಲಿ ಶುರುವಾಯಿತು ಎಂದು ಅವರಿಗೆ ಕಾಣುವುದು ರಫ್ ಬುಕ್‌ನಲ್ಲೇ.

ಸರಿಯಾಗಿ ಬಂದ ಲೆಕ್ಕವನ್ನು ಹಾಗೇ ಬಿಡುವ ಮೊದಲು

ಪ್ರತಿ ಅಧ್ಯಾಯದಲ್ಲಿ ಎರಡೋ ಮೂರೋ ಒಳ್ಳೆಯ ಲೆಕ್ಕಗಳನ್ನು ಆರಿಸಿ, ಪ್ರಶ್ನೆಯನ್ನು ನೀವೇ ಬದಲಾಯಿಸಿ. ಸೇತುವೆಯ ಕಲ್ಲು ನೀರಿಗೆ ಬೀಳುವಾಗ ವೇಗ ಎಷ್ಟು? (20 ಮೀ/ಸೆ ಬರಬೇಕು, ಸಮಯದಿಂದ ಮಾಡಿ ನೋಡಿ, ಶಕ್ತಿಯಿಂದಲೂ ಮಾಡಿ ನೋಡಿ.) ಕೆಳಕ್ಕೆ ಅದೇ 10 ಮೀ/ಸೆ ವೇಗದಲ್ಲಿ ಎಸೆದಿದ್ದರೆ ನೀರಿಗೆ ಬೀಳುವ ವೇಗ ಎಷ್ಟಾಗುತ್ತಿತ್ತು? ಮೂಟೆಯ ಹಗ್ಗವನ್ನು ಅದೇ 50 ನ್ಯೂಟನ್ ಎಳೆತದಲ್ಲಿ ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ವೇಗೋತ್ಕರ್ಷ ಏನಾಗುತ್ತದೆ? ಹಗ್ಗ ಎಳೆಯುವ ಬದಲು ಅದೇ ಕೋನದಲ್ಲಿ ಕೋಲಿನಿಂದ ಕೆಳಮುಖವಾಗಿ ತಳ್ಳಿದರೆ ನೆಲದ ತಳ್ಳು 70ರ ಬದಲು ಎಷ್ಟು? ಈ ನಾಲ್ಕಕ್ಕೂ ಹೊಸ ಹಾಳೆ ತೆಗೆದುಕೊಂಡು, ಮೊದಲ ಹಂತದಿಂದಲೇ ಶುರು ಮಾಡಿ.